ರಷ್ಯನ್ ಪರೀಕ್ಷೆಯಲ್ಲಿ ಜೋಳದ ರೊಟ್ಟಿ

ನಮ್ಮ ಮನೆಯಲ್ಲಿ ದಿನಾ ಜೋಳದ ಹಿಟ್ಟಿನಿಂದ ರೊಟ್ಟಿ ಮಾಡುತ್ತೇವೆ ಎಂದು ನಾನು ರಷ್ಯನ್ನಿನಲ್ಲಿ ಹೇಳಿದ್ದೇ ತಡ, ಮೊಬೈಲಿನ ಪರದೆಯಲ್ಲಿದ್ದ ಶಿಕ್ಷಕಿ ಬಿದ್ದು ಬಿದ್ದು ನಕ್ಕರು. ಮದುವೆಗೆ ಮುಂಚೆ ರಷ್ಯನ್ ಕಲಿತವಳೆಂಬ ಜಂಬದಲ್ಲಿ, ಲಿಂಗಸುಗೂರಿನ ಅಡುಗೆಮನೆಯಲ್ಲಿ ಕುಳಿತು ನಾನು ಆನ್‌ಲೈನಿನಲ್ಲಿ ನೇರ ಮೂರನೇ ಹಂತದ ತರಗತಿ ಕೇಳಿದ್ದೆ; ಇದು ಅದಕ್ಕೆ ಸೇರುವ ಮುಂಚಿನ ಪರೀಕ್ಷೆ. ಆದರೆ ರಷ್ಯನ್ನಿನಲ್ಲಿ ‘ಮುಕಾ’ ಎಂದರೆ ಹಿಟ್ಟು. ನಾನು ಅಂದದ್ದು ‘ಮೂಕ’, ಅಂದರೆ ಯಾತನೆ. ದಿನಾ ಯಾತನೆಯಿಂದ ರೊಟ್ಟಿ! ನಿಮಗೆ ಮೊದಲ ಹಂತವೇ ಸರಿ ಎಂದರು ಶಿಕ್ಷಕಿ.

ನನ್ನ ಸಪ್ಪೆ ಮುಖ ನೋಡಿ ಅತ್ತೆ ಸಂಗತಿ ಕೇಳಿದರು. “ತಪ್ಪೇನೈತಿ? ಖರೇನ ಹೇಳೀದಿ ಬಿಡು” ಎಂದವರೇ ಮಗನತ್ತ ತಿರುಗಿ, “ಲೇ, ಆಕಿ ಕ್ಲಾಸಿನ ದಿನ ರೊಟ್ಟಿ ನೀ ಬಡಿ” ಎಂದರು.

ಈಗ ನಾನು ಮೊದಲ ಹಂತದಲ್ಲಿ ಖುಷಿಯಾಗಿದ್ದೇನೆ. ಗಂಡನ ರೊಟ್ಟಿ ಮಾತ್ರ ಇನ್ನೂ ದುಂಡಗಾಗಿಲ್ಲ. ಅವರದೂ ಮೊದಲ ಹಂತವೇ.