ಉಪ್ಪು ಹಚ್ಚಿದ ನಿಂಬೆಹೋಳು

ಇಂಡಿ ಊರಿನ ನಿಂಬೆಹಣ್ಣಿನ ಪೇಟೆಯಲ್ಲಿ, ನನ್ನ ಔಷಧಿ ಅಂಗಡಿಯ ಎದುರಿಗೇ ನಾನು ಅಣ್ಣಾರು ಎಂದು ಕರೆಯುತ್ತಿದ್ದವರ ದಲಾಲಿ ಅಂಗಡಿ. ಹಣ್ಣನ್ನು ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಒಳಗೆ ರಸ ಎಷ್ಟಿದೆಯೆಂದು ಹೇಳಿಬಿಡುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು. ದಿನವಿಡೀ ಗಾದಿ ಬಿಟ್ಟು ಏಳುತ್ತಿರಲಿಲ್ಲ.

ಬಿಪಿಗೆಂದು ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು. ಇವರು ತಲೆ ನೋಯುವ ದಿನ ಮಾತ್ರ ಬಂದು ಒಂದೇ ಒಂದು ಗುಳಿಗೆ ಒಯ್ಯುತ್ತಿದ್ದರು. ಉಳಿದ ಗುಳಿಗೆಗಳು ನನ್ನ ಕಪಾಟಿನಲ್ಲೇ ಇರುತ್ತಿದ್ದವು.

"ಅಣ್ಣಾರ, ದಿನಾ ತಗೋಬೇಕ್ರಿ ಇದನ್ನ."

"ದಿನಾ ಗುಳಿಗಿ ಯಾಕ್ರಿ? ಬಿಪಿಗೆ ನಿಂಬಿಹಣ್ಣ ಐತಲ್ಲ!"

ಹಾಗೆಂದು ಹಣ್ಣು ಕೊಯ್ದು, ಹೋಳನ್ನು ಉಪ್ಪಿನಲ್ಲಿ ಹೊರಳಿಸಿ ಚೀಪುತ್ತಿದ್ದರು. ತಲೆ ಸುತ್ತಿದ ದಿನ ಇನ್ನೆರಡು ಹೋಳು, ಇನ್ನಷ್ಟು ಉಪ್ಪು.

"ಆ ಉಪ್ಪರ ಬಿಡ್ರಿ."

"ಉಪ್ಪಿಲ್ಲಂದ್ರ ಬರೇ ಹುಳಿ ಹೆಂಗ ತಿನ್ನೂದ್ರಿ?" ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಹರಾಜಿನ ಸವಾಲು ಕೂಗುತ್ತಿದ್ದಾಗಲೇ ಅವರಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು.

ಮುಂದೆ ಕೆಲವು ತಿಂಗಳಾದ ಮೇಲೆ ಮನೆಗೆ ಹೋಗಿ ನೋಡಿದೆ. ಬೆರಳಿಗೆ ಕಸುವು ಬರಲೆಂದು ಅವರ ಹೆಂಡತಿ ಬಲ ಅಂಗೈಯಲ್ಲಿ ನಿಂಬೆಹಣ್ಣೊಂದನ್ನಿಟ್ಟು, "ಒತ್ರಿ, ಸ್ವಲ್ಪ ಒತ್ರಿ" ಎನ್ನುತ್ತಿದ್ದರು. ಹೆಬ್ಬೆರಳು ಅಲುಗಲಿಲ್ಲ. ಹಣ್ಣು ಉರುಳಿ ನನ್ನ ಕಾಲ ಬಳಿ ಬಂತು. ಎತ್ತಿಕೊಂಡೆ. ತೆಳು ಸಿಪ್ಪೆಯ, ರಸ ತುಂಬಿದ ಹಣ್ಣು.

ಅಣ್ಣಾರು ನನ್ನ ಮುಖ ನೋಡದೆ ತೊದಲಿದರು.

"ಆ ಹಣ್ಣಿನಾಗ ರಸಾನ ಇಲ್ರಿ."