ಹನ್ನೊಂದು ಕಾರ್ಡು, ಒಂದು ಹೆಸರು

ಹಾಡು ಕಿವಿಗೆ ಬಿದ್ದರೆ ಸಾಕು, 'ಬರೆದವರು ಯಾರು?' ಎಂದು ಪಕ್ಕದವರನ್ನು ಪೀಡಿಸುವ ಚಟ ನನಗಿದೆ. ಹಾಡಿದವರ ಹೆಸರು ಎಲ್ಲರಿಗೂ ಗೊತ್ತು, ಬರೆದವರದು ಯಾರಿಗೂ ಬೇಕಿಲ್ಲ. ನಮ್ಮ ದಾಸರು ಜಾಣರು; ಕೊನೆಯ ಸಾಲಿನಲ್ಲಿ ಅಂಕಿತವಿಟ್ಟು ನಿಶ್ಚಿಂತರಾದರು. ಸಿನಿಮಾದವರಿಗೆ ಆ ಅನುಕೂಲವಿಲ್ಲ. ನಾಯಕಿ ಮರ ಸುತ್ತುತ್ತ 'ಇತಿ ಭಾಂಡುಪ್‌ನ ಶಾಮರಾಯ' ಎನ್ನುವಂತಿಲ್ಲವಲ್ಲ!

ಶಾಮರಾಯರು ನನ್ನ ಕಾಕಾ, ತಂದೆಯ ತಮ್ಮ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಿಂದ ನೌಕರಿಗೆಂದು ಬಂದು, ಭಾಂಡುಪ್‌ನ ಚಾಳಿನಲ್ಲಿದ್ದ ಅವರ ಖೋಲಿಯಲ್ಲೇ ಹಾಸಿಗೆ ಬಿಚ್ಚಿದೆ. ಕಾಕಾ ಕಾರಖಾನೆಯೊಂದರಲ್ಲಿ ಟೈಮ್‌ಕೀಪರ್. ರಜೆಯ ದಿನ ಹಿಂದಿ ಸಿನಿಮಾ ಗೀತಕಾರ. ಅಂಧೇರಿಯ ಸಂಗೀತ ನಿರ್ದೇಶಕರೊಬ್ಬರು ಹಾರ್ಮೋನಿಯಂ ಮೇಲೆ ಧಾಟಿ ಕೊಡುತ್ತಿದ್ದರು. ಮಾತು ಹೊಳೆಯುವವರೆಗೆ ಧಾಟಿ ಮರೆಯಬಾರದೆಂದು ಕಾಕಾ ಲೋಕಲ್‌ನಲ್ಲಿ ಕುಳಿತು ಅದಕ್ಕೆ ಸ್ಟೇಶನ್ನುಗಳ ಹೆಸರು ತುಂಬುತ್ತಿದ್ದರು. ವಿರಹಗೀತೆಯೊಂದನ್ನು ಕಣ್ಣು ಮುಚ್ಚಿ 'ಘಾಟಕೋಪರ, ಕುರ್ಲಾ, ಸಾಯನ' ಎಂದು ಹಾಡುವಾಗ, ತನ್ನ ಸ್ಟೇಶನ್ ಬಂತೆಂದು ಪಕ್ಕದವನು ಗಡಬಡಿಸಿ ಎದ್ದದ್ದನ್ನು ನಾನೇ ನೋಡಿದ್ದೇನೆ.

ಆ ವಿರಹಗೀತೆಯಿದ್ದ ಸಿನಿಮಾ ಒಂದು ವಾರವೂ ಓಡಲಿಲ್ಲ. ಹಾಡು ಮಾತ್ರ ಓಡಿತು. ಮಲಾಡಿನ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರುವವಳೂ ಅದನ್ನು ಗುನುಗುತ್ತಿದ್ದಳು. ಆದರೆ ರೆಕಾರ್ಡಿನ ಮೇಲೆ ಕಾಕಾರ ಹೆಸರಿರಲಿಲ್ಲ. "ಹೋಗ್ಲಿ ಬಿಡೋ" ಅನ್ನುತ್ತಿದ್ದರು. ರೇಡಿಯೋದಲ್ಲಿ ಹಾಡು ಬಂದಾಗ ಮಾತ್ರ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

ಕಾಕಾರ ಹೆಂಡತಿ, ನಮ್ಮ ಕಾಕೂ, ಒಂದು ಉಪಾಯ ಮಾಡಿದರು. ರೇಡಿಯೋದ ಫರ್ಮಾಯಿಶ್ ಕಾರ್ಯಕ್ರಮದಲ್ಲಿ ಕೇಳುಗರು ಮೆಚ್ಚಿನ ಹಾಡು ಕೋರಿ ಕಾರ್ಡಿನಲ್ಲಿ ಬರೆದದ್ದನ್ನು ಓದುತ್ತಿದ್ದರು. ಹಿಂದಿ ಪರೀಕ್ಷೆ ಪಾಸಾಗಿದ್ದ ಕಾಕೂ ತಮ್ಮದೂ ಸೇರಿ ಚಾಳಿನ ಹನ್ನೊಂದು ಹೆಂಗಸರ ಹೆಸರಿನಲ್ಲಿ ಮುತ್ತಿನಂಥ ಅಕ್ಷರದ ಹನ್ನೊಂದು ಕಾರ್ಡು ಬರೆದರು: ಹಾಡು ಯಾವುದು, ಸಿನಿಮಾ ಯಾವುದು, ಗೀತಕಾರ ಯಾರು. ಓದದೇ ಅವನ್ನು ಅಂಚೆ ಡಬ್ಬಿಗೆ ಹಾಕಿ ಬಂದ ಜಾಣ ನಾನು.

ಭಾನುವಾರ ಮಧ್ಯಾಹ್ನ ಇಡೀ ಚಾಳು ನಮ್ಮ ಖೋಲಿಯ ಮುಂದಿತ್ತು. ರೇಡಿಯೋಕ್ಕೆ ಕಣ್ಣಿದೆಯೇನೋ ಎಂಬಂತೆ ಕಾಕಾ ಇಸ್ತ್ರಿಯ ಅಂಗಿ ತೊಟ್ಟು ಕುಳಿತಿದ್ದರು. ನಿರೂಪಕ ಹನ್ನೊಂದೂ ಹೆಸರು ಓದಿದ. ಆಮೇಲೆ ಕ್ಷಣ ತಡೆದು, ನಗು ನುಂಗಿಕೊಂಡು, "ಔರ್ ಗ್ಯಾರಹ್ ಬಹನೇಂ ಲಿಖತೀ ಹೈಂ, ಗೀತ್‌ಕಾರ್ ಹೈಂ ಹಮಾರೇ ಘರ್‌ವಾಲೇ!" ಎಂದುಬಿಟ್ಟ. ಹನ್ನೊಂದು ಹೆಂಗಸರಿಗೂ ಒಬ್ಬನೇ ಗಂಡ!

ಆಗಿದ್ದಿಷ್ಟು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬರೆದರೂ ಹೇಳಿದ ಹಾಗೇ ಎಂದು ಕಾಕೂ ತಮ್ಮ ಕಾರ್ಡಿನಲ್ಲಿ ಹಿಂದಿಯಲ್ಲಿ 'ನಮ್ಮ ಮನೆಯವರು' ಎಂದಷ್ಟೇ ಬರೆದು, ಉಳಿದ ಹತ್ತಕ್ಕೂ ಅದನ್ನೇ ನಕಲು ಮಾಡಿದ್ದರು. ಚಾಳು ಬಿದ್ದು ಬಿದ್ದು ನಕ್ಕಿತು. ಕಾಕಾನೂ ನಕ್ಕರು, ಆದರೆ ಮುಖ ಸಣ್ಣದಾಗಿತ್ತು.

ಹಾಡು ಮುಗಿದದ್ದೇ ಕಾಕೂ ರೇಡಿಯೋ ಬಂದ್ ಮಾಡಿ, ಸೆರಗು ಹೊದ್ದು ಎದ್ದು ನಿಂತರು. ಗಂಡನ ಹೆಸರು ಹೇಳಲು ನಮ್ಮಲ್ಲಿರುವುದು ಒಂದೇ ದಾರಿ, ಒಡಪು: ಮದುವೆ ಮುಂಜಿಗಳಲ್ಲಿ ಹೇಳುವ ಪ್ರಾಸದ ಎರಡು ಸಾಲು. ಚಾಳಿನ ಮದುವಣಗಿತ್ತಿಯರಿಗೆಲ್ಲ ಒಡಪು ಕಟ್ಟಿಕೊಟ್ಟವರು ಕಾಕಾ. ಇದೊಂದು ಮಾತ್ರ ಅವರದಲ್ಲ.

"ರೇಡಿಯೋದೊಳಗ ಹಾಡು ಬಂತು, ಹೆಸರು ಬರಲಿಲ್ಲ,
ಶಾಮರಾಯರು ಬರದಾರಂತ ಹೇಳ್ಲಿಕ್ಕೆ ನಾ ಇದ್ದೀನಲ್ಲ!"

"ಇನ್ನೊಮ್ಮೆ ಹೇಳ್ರಿ ವೈನಿ!" ಎಂದು ಚಾಳಿಗೆ ಚಾಳೇ ಕೂಗಿತು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು.

"ಎರಡನೇ ಸಾಲಿನ್ಯಾಗ ಮಾತ್ರೆ ಹೆಚ್ಚಾಗ್ಯಾವ" ಎಂದರು.

"ಇರ್ಲಿ ತಗೋರಿ. ಹೆಸರು ದೊಡ್ಡದದ" ಅಂದರು ಕಾಕೂ.

ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ. ಈಗಲೂ ಎಲ್ಲಾದರೂ ಆ ಹಾಡು ಕೇಳಿದರೆ, ಎಷ್ಟೇ ಅವಸರವಿರಲಿ, ಮುಗಿಯುವವರೆಗೆ ನಿಲ್ಲುತ್ತೇನೆ. ಕೊನೆಗೆ ಕಾಕೂರ ಆ ಎರಡು ಸಾಲು ನಾನು ಹೇಳಬೇಕಲ್ಲ.