ಮಗ್ಗದ ಸದ್ದಿನಲ್ಲಿ ಆರಿಸಿದ ವಯೋಲಿನ್‌ಗಳು

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಇಸವಿ, ವಾರ, ತಿಥಿ ಎಲ್ಲ ಒಪ್ಪವಾಗಿ ಹೇಳುವವರ ನೆನಪನ್ನು ನಾನು ನಂಬುವುದಿಲ್ಲ. ಹರಿದದ್ದನ್ನೆಲ್ಲ ಹೊಲಿದು ಇಸ್ತ್ರಿ ಮಾಡಿ ತಂದಿರುತ್ತಾರೆ. ಬನಹಟ್ಟಿಯಲ್ಲಿ ಗೆಳೆಯನೊಬ್ಬನ ವಿದ್ಯುತ್ ಮಗ್ಗದ ಶೆಡ್ಡಿನ ಮೇಲಿನ ಕೋಣೆಯಲ್ಲಿ ನನ್ನ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಒಂದು ಕಂಪ್ಯೂಟರ್, ಒಂದು ಕೀಬೋರ್ಡ್, ಒಂದು ಮೈಕು, ಎರಡು ಸ್ಪೀಕರ್, ಸದ್ದು ತಡೆಯಲು ಗೋಡೆಗೆ ಬಡಿದ ಹಳೆಯ ಕೌದಿಗಳು. ಕೆಳಗೆ ಹನ್ನೆರಡು ಮಗ್ಗ.

ಅಲ್ಲಿ ಕುಳಿತು ನಾನು ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳ ಮುಳುಗಡೆಯ ಬಗ್ಗೆ ಒಂದು ‘ಧ್ವನಿಕೃತಿ’ ಮಾಡಲು ಹೊರಟಿದ್ದೆ. ಆ ಪದ ನನ್ನದೇ. ಬೇರೆ ಯಾರೂ ಅಷ್ಟು ಕೆಟ್ಟ ಪದವನ್ನು ಅಷ್ಟು ಗಂಭೀರವಾಗಿ ಬಳಸಲಾರರು. ಬೀಳಗಿ ಕಡೆಯ ಮುಳುಗಿದ ಹಳ್ಳಿಯೊಂದರಲ್ಲಿ ಹುಟ್ಟಿ, ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಹಾಡಿ, ಕೊನೆಗೆ ರಬಕವಿಯಲ್ಲಿ ನೆಲೆಸಿದ್ದ ಕಲಾವಿದೆಯೊಬ್ಬರು ಅದರಲ್ಲಿ ಹಾಡಬೇಕಿತ್ತು. ಅವರ ಧ್ವನಿಯನ್ನು ಯಾರೂ ಒಮ್ಮೆಯೂ ಹಿಡಿದಿಟ್ಟಿರಲಿಲ್ಲ. ನಾನು ಕೇಳಿದ ಕೂಡಲೇ ಒಪ್ಪಿದರು, ಒಂದೇ ಕರಾರು ಹಾಕಿದರು.

“ಸೋಮವಾರದೊಳಗ ಮುಗಸು ತಮ್ಮಾ. ಸೋಮವಾರ ಜಮಖಂಡಿಗೆ ಹೋಗಿ ಮ್ಯಾಲಿನ ಹಲ್ಲು ಎಲ್ಲಾ ಕೀಳಸೂದೈತಿ. ಆಮ್ಯಾಲ ಬಾಯಾಗ ಗಾಳಿ ಹಾಡತೈತಿ, ನಾ ಹಾಡಂಗಿಲ್ಲ.”

ಅವರೂ ನಕ್ಕರು, ನಾನೂ ನಕ್ಕೆ. ಇದ್ದದ್ದು ಆರು ದಿನ. ಅದರಲ್ಲಿ ಐದನ್ನು ನಾನು ವಯೋಲಿನ್ ಆರಿಸುವುದರಲ್ಲಿ ಕಳೆದೆ.

ಮರದ ವಯೋಲಿನ್ ಅಲ್ಲ. ಯಾವುದೋ ಚಳಿ ದೇಶದಲ್ಲಿ ವಾದ್ಯವೃಂದವೊಂದನ್ನು ಕೂರಿಸಿ, ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಎಳೆದು, ತುಂಡರಿಸಿ ನುಡಿಸಿ ಹಿಡಿದ ಕಡತಗಳ ರಾಶಿ. ಸ್ಯಾಂಪಲ್ ಲೈಬ್ರರಿ ಎನ್ನುತ್ತಾರೆ. ಕೀಬೋರ್ಡಿನ ಒಂದು ಮನೆ ಒತ್ತಿದರೆ ನಲವತ್ತು ಮಂದಿ ಕಮಾನು ಎಳೆಯುತ್ತಾರೆ. ಮುಧೋಳದಿಂದ ತೇರದಾಳದವರೆಗೆ ಅಲೆದರೂ ನಾಲ್ಕು ಜನ ವಯೋಲಿನ್‌ನವರನ್ನು ಕೂಡಿಸಲಾಗದವನಿಗೆ ನಲವತ್ತು ಮಂದಿಯ ಯಜಮಾನಿಕೆ! ಪುಣೆಯ ಪರಿಚಿತನೊಬ್ಬ ಎರಡು ಲೈಬ್ರರಿಗಳನ್ನು ನೋಡಲು ಕಳಿಸಿದ್ದ. ಒಂದು ಸಣ್ಣದು, ಎಂಟು ವಾದ್ಯಗಳನ್ನು ಚಿಕ್ಕ ಕೋಣೆಯಲ್ಲಿ ಹತ್ತಿರದಿಂದ ಹಿಡಿದದ್ದು. ಇನ್ನೊಂದು ಚರ್ಚಿನಲ್ಲಿ ಹಿಡಿದ ನಲವತ್ತು ಮಂದಿಯ ದೈತ್ಯ, ಕಹಳೆ ನಗಾರಿ ಸಮೇತ. ಇಂಟರ್ನೆಟ್ಟಿನಲ್ಲಿ ಇವುಗಳ ‘ಆತ್ಮ’ದ ಬಗ್ಗೆ ಪುಟಗಟ್ಟಲೆ ವಾದ ಮಾಡುವ ಪಂಡಿತರಿದ್ದರು. ಎರಡು ಸಾಲಿನ ಮಟ್ಟು ಕಟ್ಟಲು ಬಾರದವರು ಇಪ್ಪತ್ತು ಲೈಬ್ರರಿಗಳಿಗೆ ತೀರ್ಪು ಬರೆಯುತ್ತಿದ್ದರು. ನಾನು ಅವರ ಪರಮ ಶಿಷ್ಯ; ಅವರಂತೆಯೇ ಕೋಷ್ಟಕ ಗೀಚಿ ಅಂಕ ಕೊಡುತ್ತಿದ್ದೆ.

ಬನಹಟ್ಟಿಯಲ್ಲಿ ದಿನವನ್ನು ಕರೆಂಟಿನಿಂದ ಅಳೆಯುತ್ತಿದ್ದರು. ತ್ರೀ ಫೇಸ್ ಇದ್ದಾಗ ಮಗ್ಗಗಳು ಓಡುತ್ತವೆ. ಸಿಂಗಲ್ ಫೇಸ್ ಆದರೆ ಮಗ್ಗ ನಿಂತು ಬರೀ ದೀಪ, ಫ್ಯಾನು, ನನ್ನ ಕಂಪ್ಯೂಟರು. ಹಾಗಾಗಿ ರೆಕಾರ್ಡಿಂಗ್ ಸಿಂಗಲ್ ಫೇಸಿನಲ್ಲಿ ಮಾತ್ರ. ಉಳಿದದ್ದೆಲ್ಲ ತ್ರೀ ಫೇಸಿನಲ್ಲಿ. ಆ ಊರಿನವರು ಮಗ್ಗದ ಸದ್ದಿನಲ್ಲೇ ಮದುವೆ ಮಾತಾಡಿ, ಜಗಳಾಡಿ, ರಾಜಿಯಾದವರು. ಅದನ್ನು ಸದ್ದೆಂದು ಯಾರೂ ಎಣಿಸುವುದಿಲ್ಲ. ನಾವು ಲೈಬ್ರರಿ ಆರಿಸಿದ್ದೂ ಅದರಲ್ಲೇ.

ಸಣ್ಣದನ್ನು ನುಡಿಸಿದೆ. ಗೆಳೆಯ ಕಿವಿಗೆ ಅಂಗೈ ಹಚ್ಚಿದ.

“ಏನಲೇ ಇದು, ಸೊಳ್ಳಿ ಗುಂಯ್ ಅಂದಂಗ?”

ದೈತ್ಯನನ್ನು ನುಡಿಸಿದೆ.

“ಹಾಂ! ಹನ್ನೆರಡೂ ಮಗ್ಗಾ ಒತ್ತಿ ಬಂತ್ ನೋಡು. ಇದನ್ನ ಹಾಕು, ಡ್ಯಾಮಿನ ಗೇಟ್ ತಗದಂಗ ಆಗತೈತಿ.”

ಐದು ದಿನವೂ ಫಲಿತಾಂಶ ಅದೇ. ನನ್ನ ಕೋಷ್ಟಕದಲ್ಲಿ ದೈತ್ಯನಿಗೆ ಪ್ರತಿ ಸಲವೂ ಮೊದಲ ಸ್ಥಾನ. ಮಗ್ಗದ ಶೆಡ್ಡಿನ ಮೇಲೆ ಕುಳಿತ ಅರೆಕಿವುಡರು ನಾವಿಬ್ಬರೂ ಅತ್ಯಂತ ಗಟ್ಟಿ ಕೂಗುವವನನ್ನು ಅತ್ಯಂತ ಒಳ್ಳೆಯ ಗಾಯಕನೆಂದು ಆರಿಸಿದ್ದೆವು.

ಭಾನುವಾರ ಮಧ್ಯಾಹ್ನ ಸಿಂಗಲ್ ಫೇಸ್ ಆಯಿತು. ಆ ಕಲಾವಿದೆ ಬಂದು ಕೂತರು. ಕಂಪ್ಯೂಟರಿನಲ್ಲಿ ನಮ್ಮ ದೈತ್ಯ ಎದ್ದು ನಿಲ್ಲಲು ಮುಕ್ಕಾಲು ಗಂಟೆ ತೆಗೆದುಕೊಂಡ. ಮಗ್ಗ ನಿಂತ ಆ ಮೌನದಲ್ಲಿ ಮೊದಲ ಸಲ ಅವನನ್ನು ಸರಿಯಾಗಿ ಕೇಳಿದೆ. ಪ್ರತಿ ಸ್ವರದ ಹಿಂದೆ ಚರ್ಚಿನ ಗವ್ವೆನ್ನುವ ಗಾಳಿ. ಒಂದು ಮನೆ ಒತ್ತಿದಾಗಲೆಲ್ಲ ಅಲ್ಲಿ ಯಾರದೋ ಕುರ್ಚಿ ಕಿರ್ರೆನ್ನುತ್ತಿತ್ತು. ತಪ್ಪಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ನಂತರ ಹೊಳೆಯಿತು ಎಂದು ಹೇಳಿಕೊಳ್ಳುವುದು ಸುಲಭ, ಇಲ್ಲ, ಆಗಲೇ.

ಹೆಡ್‌ಫೋನ್ ಕೊಟ್ಟರೆ ಅವರು ಒಲ್ಲೆ ಎಂದರು. “ಕಿವಿ ಮುಚಗೊಂಡು ಹಾಡೂದಂದ್ರ ಹೆಂಗಪಾ?” ಮೊದಲೇ ನುಡಿಸಿಟ್ಟಿದ್ದ ವಯೋಲಿನ್ ಸಾಲನ್ನು ಸ್ಪೀಕರಿನಲ್ಲೇ ಹಚ್ಚಿದೆ. ಎರಡು ಸಾಲು ಹಾಡಿ ನಿಲ್ಲಿಸಿದರು.

“ಇವರು ನನ್ನ ಹಿಂದ ಬರಾಕತ್ತಾರೋ, ನಾ ಇವರ ಹಿಂದ ಹೋಗಬೇಕೋ?”

“ನಿಮ್ಮ ಹಿಂದ ಬರ್ತಾರ್ರೀ ಅಕ್ಕಾರ.”

“ಹಂಗಾರ ಲಗೂ ನಡೀರಿ ಅನ್ನು. ನಾನೇ ಹೊತಗೊಂಡು ಹೋಗಬೇಕೇನ ಅವರನ್ನ?” ಆಮೇಲೆ ಮೆತ್ತಗೆ, “ಬಂದ್ ಮಾಡು ತಮ್ಮಾ. ನಾ ಬರೇ ಹಾಡತೇನಿ. ಆಮ್ಯಾಲ ನೀ ಬೇಕಾದ್ದು ಹಚಗೋ.”

ಸರಿಯಾದ ದಾರಿ ಅದೊಂದೇ ಆಗಿತ್ತು. ಆದರೆ ನಾನು ಪ್ರಯೋಗಶೀಲ.

“ಈ ವಯೋಲಿನ್ನಿನ್ಯಾಗ ನೀರು ಏರೂದು ನಿಮ್ಮ ಕಿವಿಗೆ ಬೀಳಬೇಕ್ರೀ. ಅಂದ್ರ ಹಾಡಿನ್ಯಾಗ ಭಾವ ಬರತೈತಿ.”

“ನಮ್ಮೂರಾಗ ನೀರು ಸಪ್ಪಳಾ ಮಾಡಕೋತ ಬರಲಿಲ್ಲೋ. ಮುಂಜಾನೆದ್ದು ನೋಡಿದ್ರ ಎಮ್ಮಿ ಕಟ್ಟೂ ಗೂಟಾ ನೀರಾಗ ಇತ್ತು. ಅಷ್ಟ.”

ನಾನು ಮುಗುಳ್ನಕ್ಕೆ, ತಿಳಿಯದವರನ್ನು ಕ್ಷಮಿಸುವ ನಗೆ. ಮತ್ತೆ ಗುಂಡಿ ಒತ್ತಿದೆ.

ಹಾಡಿದರು. ಎರಡು ನುಡಿ ಮುಗಿದು ಮೂರನೆಯದು ಅರ್ಧಕ್ಕೆ ಬಂದಾಗ ಹೊತ್ತಿಗೆ ಮುಂಚೆಯೇ ತ್ರೀ ಫೇಸ್ ಬಂತು. ಹನ್ನೆರಡೂ ಮಗ್ಗ ಒಮ್ಮೆಲೇ ಶುರುವಾದವು. ಗೆಳೆಯ ಓಡಿ ಕೆಳಗಿಳಿದು ನಿಲ್ಲಿಸುವಷ್ಟರಲ್ಲಿ ಹಾಡು ಮುಗಿದಿತ್ತು. ಮಗ್ಗದ ಸದ್ದೇ ತಾಳವಾಯಿತು ಎಂದು ಇಲ್ಲಿ ಬರೆದರೆ ಓದುವವರಿಗೆ ಹಿತ. ಒಂದೆರಡು ಸಭೆಗಳಲ್ಲಿ ನಾನು ಹಾಗೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಸುಳ್ಳು. ಸದ್ದು ಸದ್ದಾಗಿಯೇ ಬಿತ್ತು. ಇನ್ನೊಮ್ಮೆ ಹಾಡಲು ನೋಡಿದರು, ಗಂಟಲು ಏಳಲಿಲ್ಲ. ಮರುದಿನ ಜಮಖಂಡಿಗೆ ಹೋದರು.

ಎರಡು ತಿಂಗಳ ಮೇಲೆ ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು ಕೇಳಲು ಬಂದರು. ಕೇಳಿಸಿದೆ.

“ನನ್ನ ಧ್ವನಿ ಒಂದೀಟು ಮ್ಯಾಲ ಮಾಡು.”

ಮಾಡಿದೆ. ನಲವತ್ತು ಮಂದಿಯೂ ಮೇಲೆದ್ದರು. ಸ್ಪೀಕರಿನಿಂದ ಹೊರಟ ವಯೋಲಿನ್‌ಗಳು ಅವರ ಮೈಕಿನೊಳಕ್ಕೇ ನುಗ್ಗಿದ್ದವು. ಕಂಪ್ಯೂಟರಿನಲ್ಲಿ ವಯೋಲಿನ್ ಸಾಲನ್ನು ಪೂರ್ತಿ ಅಳಿಸಿದರೂ ಧ್ವನಿಯ ಸಾಲಿನಲ್ಲಿ ಅವು ಉಳಿದೇ ಇದ್ದವು.

“ಅವರನ್ನ ಹೊರಗ ಕಳಸು.”

“ಆಗೂದಿಲ್ರೀ. ಸ್ಪೀಕರಿನ ಸಪ್ಪಳಾ ನಿಮ್ಮ ಮೈಕಿನ್ಯಾಗ ಹೊಕ್ಕೈತಿ.”

ಅವರು ಅಲ್ಲೇ ಕೂತು ಮೊದಲ ಸಾಲು ಹಾಡಿದರು. ಹಲ್ಲಿನ ಸೆಟ್ಟು ಸಡಿಲಾಗಿ ಅಕ್ಷರಗಳು ಸೀಟಿ ಹೊಡೆದವು. ಅರ್ಧಕ್ಕೆ ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನ್ನ ಮುಖ ನೋಡಿದರು.

“ಇರಲಿ ಬಿಡು ತಮ್ಮಾ. ತಪ್ಪು ನಂದ. ಆವತ್ತ ನೀ ಕೊಟ್ಟದ್ದನ್ನ ಕಿವಿಗೆ ಹಾಕ್ಕೋಬೇಕಾಗಿತ್ತು.”

ನಾನು, “ಹೌದ್ರೀ,” ಎಂದೆ.